ಬ್ರೇಕಿಲ್ಲದ ಬೈಕು, ಆರು ಕಿರೀಟ



ಬ್ರೇಕೇ ಇಲ್ಲದ ಮೋಟಾರ್ ಸೈಕಲನ್ನು ಕೈಗಿತ್ತು, "ಓಡಿಸಿ ನೋಡೋಣ" ಎಂದರೆ ನೀವು ಒಪ್ಪುತ್ತೀರಾ? ಸ್ಪೀಡ್‌ವೇ ಎಂಬ ಆಟದಲ್ಲಿ ನಿಯಮವೇ ಅದು. 500 ಸಿಸಿ ಎಂಜಿನ್, ಒಂದೇ ಗೇರ್, ಇಂಧನ ಮೆಥನಾಲ್. ಅಂಡಾಕಾರದ ಮಣ್ಣಿನ ಟ್ರ್ಯಾಕಿನಲ್ಲಿ ನಾಲ್ವರು ಸವಾರರು, ನಾಲ್ಕು ಸುತ್ತು. ಸುಮಾರು ಒಂದು ನಿಮಿಷದಲ್ಲಿ ಎಲ್ಲವೂ ಮುಗಿಯುತ್ತದೆ. ತಿರುವಿನಲ್ಲಿ ಉಕ್ಕಿನ ತಳವಿರುವ ಎಡಗಾಲಿನ ಬೂಟನ್ನು ನೆಲಕ್ಕೆ ತಾಗಿಸಿ, ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸುತ್ತ ಸಾಗುವುದೇ ಇದರ ಕಲೆ.

ಈ ಆಟದಲ್ಲಿ ಆರು ಬಾರಿ ವಿಶ್ವ ಚಾಂಪಿಯನ್ ಆದವರು ನ್ಯೂಜಿಲೆಂಡಿನ ಐವನ್ ಮೇಜರ್. 'ಮೇಜರ್' ಎಂಬುದು ಇಲ್ಲಿ ಸೈನ್ಯದ ಪದವಿಯಲ್ಲ, ಮನೆತನದ ಹೆಸರು! 1939ರಲ್ಲಿ ಕ್ರೈಸ್ಟ್‌ಚರ್ಚ್ ನಗರದಲ್ಲಿ ಹುಟ್ಟಿದ ಇವರು 1957ರಲ್ಲಿ, ಇನ್ನೂ 17ರ ಹುಡುಗ, ಪತ್ನಿಯೊಡನೆ ಲಂಡನ್ನಿಗೆ ಹೋಗಿ ವಿಂಬಲ್ಡನ್ ತಂಡ ಸೇರಿದರು. ಆದರೆ ಅಲ್ಲಿ ಕಾಲೂರಲು ಆಗಲಿಲ್ಲ. ಬಂದ ದಾರಿಯಲ್ಲೇ ಹಿಂದಿರುಗಬೇಕಾಯಿತು.

ಕಥೆ ಅಲ್ಲಿಗೇ ಮುಗಿದಿದ್ದರೆ ಇಂದು ಅವರ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಸ್ವದೇಶದಲ್ಲೂ ಆಸ್ಟ್ರೇಲಿಯಾದಲ್ಲೂ ಪಳಗಿ, 1963ರಲ್ಲಿ ಅವರು ಮತ್ತೆ ಇಂಗ್ಲೆಂಡಿಗೆ ಬಂದರು. ಈ ಬಾರಿ ಸೇರಿದ್ದು ಎರಡನೆಯ ದರ್ಜೆಯ ಲೀಗಿನಲ್ಲಿದ್ದ ನ್ಯೂಕಾಸಲ್ ತಂಡವನ್ನು. ಕೆಳಗಿನ ಮೆಟ್ಟಿಲಿನಿಂದ ಶುರುಮಾಡಲು ಅವರು ನಾಚಲಿಲ್ಲ. 1967ರ ವಿಶ್ವ ಫೈನಲ್‌ನಲ್ಲಿ ಮೂರನೆಯ ಸ್ಥಾನ, 1968ರಲ್ಲಿ ಕಿರೀಟ. ಮೊದಲ ಪ್ರಯಾಣಕ್ಕೂ ಈ ಗೆಲುವಿಗೂ ನಡುವೆ 11 ವರ್ಷ!

1969ರಲ್ಲೂ ಗೆದ್ದರು. ಮೂರನೆಯ ಬಾರಿಯೂ ಗೆದ್ದರೆ ಬೈಕಿಗೆ ಚಿನ್ನದ ಲೇಪ ಮಾಡಿಸುವುದಾಗಿ ಇಬ್ಬರು ಅಮೆರಿಕನ್ ಅಭಿಮಾನಿಗಳು ಮಾತು ಕೊಟ್ಟರು. 1970ರಲ್ಲಿ ಪೋಲೆಂಡಿನಲ್ಲಿ ನಡೆದ ಫೈನಲ್‌ನಲ್ಲಿ ಐದಕ್ಕೆ ಐದೂ ಓಟ ಮೇಜರ್ ಅವರದೇ. ಅಭಿಮಾನಿಗಳು ಮಾತು ಉಳಿಸಿಕೊಂಡರು. ಆ ಚಿನ್ನದ ಬೈಕು ಮುಂದೆ ಕ್ರೈಸ್ಟ್‌ಚರ್ಚಿನ ಕ್ಯಾಂಟರ್‌ಬರಿ ಮ್ಯೂಸಿಯಂ ಸೇರಿತು. 1972 ಮತ್ತು 1977ರಲ್ಲಿ ಮತ್ತೆ ಕಿರೀಟ. ಆರನೆಯದು 1979ರಲ್ಲಿ, 40ರ ಹೊಸ್ತಿಲಲ್ಲಿ. 2018ರಲ್ಲಿ ಅವರು ತೀರಿಕೊಂಡರು.

ಗೆಳೆಯರೇ, ಮೊದಲ ಇಂಟರ್‌ವ್ಯೂನಲ್ಲಿ ಸೋತಾಗ, ಒಂದು ಪರೀಕ್ಷೆ ಕೈಕೊಟ್ಟಾಗ, ನಿಮಗೆ ನೆನಪಾಗಬೇಕಾದದ್ದು ಚಿನ್ನದ ಬೈಕಲ್ಲ. ಬರಿಗೈಯಲ್ಲಿ ಊರಿಗೆ ಮರಳಿದ ಆ ಹುಡುಗ. ಒಮ್ಮೆ ಸೋತು ಹಿಂದಿರುಗಿ, ಮತ್ತೆ ಟ್ರಂಕು ಹಿಡಿದು ಹೊರಟವರು ನಿಮ್ಮ ಮನೆಯಲ್ಲೂ ಇರಬಹುದು. ಇಂದು ರಾತ್ರಿ ಊಟದ ಹೊತ್ತಿಗೆ ಅಪ್ಪನನ್ನೋ ಅಜ್ಜನನ್ನೋ ಕೇಳಿ ನೋಡಿ.