ನೆರೆನೀರಿಗೆ ಹಳೇ ಕಾರು ಇಳಿಸುವ ಮುನ್ನ

ಆಟಿ ತಿಂಗಳ ಮಳೆ ಹಿಡಿಯಿತೆಂದರೆ ನೆಲ್ಯಾಡಿಯ ಕಡೆ ತೋಡು ಯಾವುದು, ರಸ್ತೆ ಯಾವುದು ಎಂದು ತಿಳಿಯದ ದಿನಗಳು ಬರುತ್ತವೆ. ಪೇಟೆಯಲ್ಲಿ ಮಳೆ ಬಿಟ್ಟಿದ್ದರೂ ಶಿರಾಡಿ ಘಾಟಿಯಲ್ಲಿ ಹೊಯ್ದರೆ ಸಾಕು, ಕೆಂಪುಹೊಳೆ, ಅಡ್ಡಹೊಳೆಗಳ ನೀರು ಗುಂಡ್ಯ ಹೊಳೆಯಾಗಿ ಕುಮಾರಧಾರೆಗೆ ನುಗ್ಗುತ್ತದೆ. ಉಪ್ಪಿನಂಗಡಿಯಲ್ಲಿ ಕುಮಾರಧಾರೆ ಸೇರುವ ನೇತ್ರಾವತಿಯೂ ತುಂಬಿದ್ದರೆ, ನೀರು ಮುಂದೆ ಹೋಗಲಾರದೆ ಗದ್ದೆ, ತೋಟಗಳಿಗೆ ಏರುತ್ತದೆ. 1923 ಮತ್ತು 1974ರ ನೆರೆಯ ಕಥೆ ಈ ಸೀಮೆಯ ಮನೆಮನೆಯಲ್ಲೂ ಉಂಟು. ಕಡಬ ದಾರಿಯ ಹೊಸಮಠದಲ್ಲಿ ಮುಳುಗು ಸೇತುವೆಯ ಬದಲು ಎತ್ತರದ ಸೇತುವೆ ಬಂದಿದೆ, ನಿಜ. ಆದರೆ ಒಳದಾರಿಗಳ ತಗ್ಗು ಮೋರಿಗಳ ಮೇಲೆ ಈಗಲೂ ನೀರು ಹರಿಯುತ್ತದೆ.

ಇಂಥ ಕಡೆ ಯಜಮಾನರ ಕೈಯಲ್ಲಿ ಹಳೇ ಅಂಬಾಸಿಡರ್ ಇದ್ದರೆ, "ಇದು ಗಟ್ಟಿ ಗಾಡಿ ಮಾರಾಯ್ತಿ, ನೀನು ಸುಮ್ಮನೆ ಕೂತ್ಕೋ" ಎಂಬ ಮಾತು ತಯಾರಾಗಿಯೇ ಇರುತ್ತದೆ. ಹಿಂದಿನ ಸೀಟಿನಲ್ಲಿ ಮಕ್ಕಳು! ಸೋದರಿಯರೇ, ಆಗ ಸುಮ್ಮನೆ ಕೂರಬೇಡಿ. ನಾಲ್ಕು ವಿಷಯ ತಿಳಿದಿದ್ದರೆ ನಿಮ್ಮ ಮಾತಿಗೂ ತೂಕ ಬರುತ್ತದೆ.

ಭಾರದ ಕಾರು ತೇಲುವುದೇ?

ಖಂಡಿತ ತೇಲುತ್ತದೆ. ಬಚ್ಚಲ ಹಂಡೆ ಎಷ್ಟು ಭಾರ! ಆದರೂ ಖಾಲಿ ಹಂಡೆ ಕೆರೆಯಲ್ಲಿ ಮುಳುಗುವುದಿಲ್ಲ. ಕಾರೂ ಹಾಗೆಯೇ. ನೀರು ಒಂದೊಂದು ಅಡಿ ಏರಿದಂತೆ ಕಾರನ್ನು ಸುಮಾರು 680 ಕಿಲೋ ಬಲದಿಂದ ಮೇಲಕ್ಕೆ ಎತ್ತುತ್ತದೆ ಎಂದು ಲೆಕ್ಕ ಹಾಕಿದ್ದಾರೆ. ಅಂಬಾಸಿಡರಿನ ತೂಕ ಹೆಚ್ಚುಕಡಿಮೆ 1,100 ಕಿಲೋ. ಎಂದರೆ, ಎರಡಡಿ ನೀರು ಹರಿಯುವಲ್ಲಿ ಗಟ್ಟಿ ಗಾಡಿಯೂ ನೆಲ ಬಿಡುತ್ತದೆ. ಹಗುರವಾದ ಮಾರುತಿ 800ಕ್ಕೆ ಒಂದಡಿಯೇ ಹೆಚ್ಚು. ಮೇಲಾಗಿ, ಕೆಸರುನೀರಿನ ಅಡಿಯಲ್ಲಿ ರಸ್ತೆ ಇದೆಯೋ, ಕೊಚ್ಚಿ ಹೋಗಿದೆಯೋ ಮೇಲಿನಿಂದ ಕಾಣುವುದಿಲ್ಲ. "ಲಾರಿ ಹೋಯ್ತಲ್ಲ" ಎಂಬುದೂ ಲೆಕ್ಕಕ್ಕಿಲ್ಲ. ಲಾರಿಯ ಎತ್ತರವೇ ಬೇರೆ.

ಆದ್ದರಿಂದ ಹರಿಯುವ ನೀರಿಗೆ ಕಾರು ಇಳಿಸಲೇಬಾರದು. ಇದಕ್ಕೆ ರಿಯಾಯಿತಿ ಇಲ್ಲ.

ನಿಂತ ನೀರಾದರೆ?

ಅಂಗಳದಲ್ಲೋ ಗೇಟಿನ ಬಳಿಯೋ ನೀರು ನಿಂತಿದ್ದು, ಆಳ ಚಕ್ರದ ನಡುಮಟ್ಟಕ್ಕಿಂತ ಕೆಳಗಿದ್ದರೆ ದಾಟಬಹುದು. ಮೊದಲು ಕೋಲು ಹಾಕಿ ಆಳ ನೋಡಲಿ. ಹಳೇ ಪೆಟ್ರೋಲ್ ಕಾರಿನ ಶತ್ರು ಅದರದೇ ಫ್ಯಾನು. ಇಂಜಿನ್ನಿನೊಡನೆ ತಿರುಗುತ್ತಾ ಅದು ನೀರನ್ನು ಡಿಸ್ಟ್ರಿಬ್ಯೂಟರ್, ಪ್ಲಗ್ಗುಗಳ ಮೇಲೆ ಎರಚುತ್ತದೆ. ಕಿಡಿ ನಿಂತು ಕಾರೂ ನಿಲ್ಲುತ್ತದೆ. ಅದಕ್ಕೇ ಅನುಭವಿ ಡ್ರೈವರುಗಳು ಆ ನಾಲ್ಕು ಮಾರು ದೂರಕ್ಕೆ ಫ್ಯಾನ್ ಬೆಲ್ಟು ಕಳಚಿ, ದಾಟಿದ ಕೂಡಲೇ ಹಾಕುತ್ತಿದ್ದರು. ಮರೆತರೆ ಇಂಜಿನ್ ಕಾಯುತ್ತದೆ, ಜೋಕೆ!

ಫಸ್ಟ್ ಗೇರಿನಲ್ಲೇ, ಆಕ್ಸಿಲರೇಟರ್ ಬಿಡದೆ, ಒಂದೇ ಸಮನೆ ನಿಧಾನವಾಗಿ ಹೋಗಬೇಕು. ನಡುವೆ ಗೇರು ಬದಲಿಸಬಾರದು. ವೇಗವಾಗಿ ಹೋದರೆ ಅಲೆಯೆದ್ದು ನೀರು ಬಾನೆಟ್ಟಿನೊಳಗೆ ನುಗ್ಗುತ್ತದೆ.

ನಡುನೀರಿನಲ್ಲಿ ನಿಂತರೆ?

ಮತ್ತೆ ಮತ್ತೆ ಸ್ಟಾರ್ಟ್ ಮಾಡಲು ಬಿಡಬೇಡಿ. ಇಂಜಿನ್ ಗಾಳಿಯ ಬದಲು ನೀರು ಕುಡಿದಿದ್ದರೆ ಒಳಗಿನ ಕನೆಕ್ಟಿಂಗ್ ರಾಡ್ ಬಗ್ಗಿ ಹೋಗುತ್ತದೆ. ರಿಪೇರಿಯ ಬಿಲ್ಲಿಗೆ ಒಂದು ಬಳೆ ಮಾರಬೇಕಾದೀತು. ನಿಂತ ನೀರಾದರೆ ಇಳಿದು, ತಳ್ಳಿ ದಡ ಸೇರಿಸಿ.

ಅಕಸ್ಮಾತ್ ಹರಿವಿನಲ್ಲಿ ಸಿಕ್ಕಿಬಿದ್ದರೆ ತಡಮಾಡದೆ ಸೀಟ್ ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ. ಹೊರಗಿನ ನೀರಿನ ಒತ್ತಡಕ್ಕೆ ಬಾಗಿಲು ತೆರೆಯುವುದಿಲ್ಲ. ಹಿಡಿ ತಿರುಗಿಸಿ ಇಳಿಸುವ ಹಳೇ ಕಿಟಕಿ ಇಲ್ಲಿ ನಿಜಕ್ಕೂ ಉಪಕಾರಿ. ಒಳಗೆ ನೀರು ಏರತೊಡಗಿದರೆ ಮೊದಲು ಮಕ್ಕಳನ್ನು ಕಿಟಕಿಯಿಂದ ಕಾರಿನ ಮೇಲಕ್ಕೆ ಹತ್ತಿಸಿ, 112ಕ್ಕೆ ಫೋನ್ ಮಾಡಿ. ಸೆಳೆತದಲ್ಲಿ ನಡೆಯುವ ಸಾಹಸ ಬೇಡ. ಜೋರಾಗಿ ಹರಿಯುವ ಅರ್ಧ ಅಡಿ ನೀರು ಸಹ ದೊಡ್ಡವರ ಕಾಲು ಕೀಳಬಲ್ಲದು.

ದಾಟಿದ ಮೇಲೆ

ಒದ್ದೆಯಾದ ಬ್ರೇಕು ಹಿಡಿಯುವುದಿಲ್ಲ. ಸ್ವಲ್ಪ ದೂರ ನಿಧಾನವಾಗಿ ಹೋಗುತ್ತಾ ಬ್ರೇಕನ್ನು ಮೆಲ್ಲಗೆ ಒತ್ತಿ ಒಣಗಿಸಬೇಕು. ಮನೆಗೆ ಬಂದ ಮೇಲೆ ಇಂಜಿನ್ ಆಯಿಲ್ ನೋಡಲಿ. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದಿದ್ದರೆ ಒಳಗೆ ನೀರು ಸೇರಿದೆ ಎಂದೇ ಅರ್ಥ. ಮೆಕ್ಯಾನಿಕ್ ಬರುವ ತನಕ ಕೀಲಿ ತಿರುಗಿಸಬಾರದು.

ಇನ್ನು ಹೇಳುವ ಬಗೆ. "ನಿಮಗೆ ಡ್ರೈವಿಂಗ್ ಬರುವುದಿಲ್ಲ" ಎಂದರೆ ಯಾವ ಗಂಡಸಾದರೂ ನೀರಿಗೆ ಇಳಿದೇ ಇಳಿಯುತ್ತಾನೆ! "ನೋಡಿ, ನೀರು ಹರೀತಾ ಉಂಟು. ಮಕ್ಕಳಿದ್ದಾರೆ. ಇವತ್ತು ಅಕ್ಕನ ಮನೆಯಲ್ಲೇ ಉಳಿಯುವ" ಎಂದುಬಿಡಿ. ಅದಕ್ಕೂ ಒಪ್ಪದಿದ್ದರೆ ಮಕ್ಕಳ ಕೈ ಹಿಡಿದು ದಡದಲ್ಲೇ ಇಳಿಯಿರಿ. ಹೆಂಡತಿ ಮಕ್ಕಳನ್ನು ಬಿಟ್ಟು ಅವರೂ ಮುಂದೆ ಹೋಗಲಾರರು. ಮದುವೆ ಊಟ ತಪ್ಪಿದರೆ ತಪ್ಪಲಿ; ಘಾಟಿಯ ಮಳೆ ನಿಂತರೆ ತೋಡಿನ ನೀರು ಇಳಿದೇ ಇಳಿಯುತ್ತದೆ.