ಜವಾರಿ ಟೊಮೆಟೊದಲ್ಲಿ ಇಟಲಿಯ ಸಾಸ್ ಆದೀತೇ?

ಪ್ರಶ್ನೆ: ಮನೆಮಂದಿಗೆಂದು ಇಟಲಿ ಶೈಲಿಯ ಟೊಮೆಟೊ ಸಾಸ್ ಮಾಡಿದರೆ ನೀರು ನೀರಾಗಿ, ಬಲು ಹುಳಿಯಾಗುತ್ತದೆ. ಏಕೆ?
– ಓದುಗರು, ಇಜೇರಿ, ಜೇವರ್ಗಿ ತಾಲ್ಲೂಕು

ಉತ್ತರ: ನಿಮ್ಮ ಕೈಯಲ್ಲಿ ತಪ್ಪಿಲ್ಲ, ಹಣ್ಣೇ ಬೇರೆ. ನೇಪಲ್ಸ್ ಕಡೆಯವರು ಬಳಸುವ ಸಾನ್ ಮಾರ್ಜಾನೊ ಉದ್ದನೆಯ ತಳಿ. ತಿರುಳು ದಪ್ಪ, ಬೀಜ ಕಡಿಮೆ. ನಮ್ಮ ಜವಾರಿ ಹಣ್ಣಿನಲ್ಲಿ ರಸವೂ ಹುಳಿಯೂ ಹೆಚ್ಚು. ಸಾರಿಗೆ ಅದನ್ನು ಮೀರಿಸಿದ್ದಿಲ್ಲ. ಸಾಸಿಗೆ ಮಾತ್ರ ಸಂತೆಯಲ್ಲಿ ಮೊಟ್ಟೆಯಾಕಾರದ, ಪೂರ್ತಿ ಕೆಂಪಾದ ಗಟ್ಟಿ ಹಣ್ಣನ್ನೇ ಆರಿಸಿ.

2 ಕಿಲೋ ಹಣ್ಣನ್ನು ಕುದಿನೀರಿನಲ್ಲಿ ಅರೆ ನಿಮಿಷ ಅದ್ದಿ, ಸಿಪ್ಪೆ ಸುಲಿದು ಕೈಯಲ್ಲೇ ಕಿವುಚಿ. ಮಿಕ್ಸಿ ಬೇಡ, ಗಾಳಿ ಸೇರಿ ಬಣ್ಣ ಮಾಸುತ್ತದೆ. ಆಲಿವ್ ಎಣ್ಣೆ ಇಲ್ಲವೇ? ನಮ್ಮ ಕುಸುಬೆ ಎಣ್ಣೆ ಸಾಕು. ಜಜ್ಜಿದ ಬೆಳ್ಳುಳ್ಳಿ ಅದರಲ್ಲಿ ಘಮ್ಮೆನ್ನಲಿ, ಕೆಂಪಾಗಬಾರದು. ಟೊಮೆಟೊ, ಉಪ್ಪು ಹಾಕಿ ಅಗಲವಾದ ಸ್ಟೀಲ್ ಪಾತ್ರೆಯಲ್ಲಿ, ಮುಚ್ಚಳವಿಲ್ಲದೆ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಕುದಿಸಿ. ನೀರು ಆರುವುದೇ ಇಲ್ಲಿನ ಕೆಲಸವೆಲ್ಲ. ಸೌಟಿನಿಂದ ತಳದಲ್ಲಿ ಗೆರೆ ಎಳೆದರೆ ಅದು ಒಂದು ಕ್ಷಣ ಹಾಗೇ ನಿಂತು ಆಮೇಲೆ ಮುಚ್ಚಿಕೊಳ್ಳಬೇಕು. ಅಂಚಿನಲ್ಲಿ ಎಣ್ಣೆ ಬಿಟ್ಟಿರುತ್ತದೆ. ಆಗಲೂ ಹುಳಿ ಎನಿಸಿದರೆ ಚಿಟಿಕೆ ಸಕ್ಕರೆ. ಅಲ್ಯೂಮಿನಿಯಂ ಪಾತ್ರೆ ಖಂಡಿತ ಬೇಡ, ಹುಳಿ ಅದನ್ನು ತಿನ್ನುತ್ತದೆ.

ಬೇಸಿಲ್ ಬದಲು ಅದೇ ಜಾತಿಯ ಕಾಮಕಸ್ತೂರಿಯ ನಾಲ್ಕು ಎಲೆ ಇಳಿಸುವಾಗ ಹಾಕಿ. ಪಾಸ್ತಾ ಸಿಗದ ದಿನ ಗೋಧಿ ಶಾವಿಗೆಗೆ ಕಲಸಿಕೊಡಿ. ಫ್ರಿಜ್ಜಿನಲ್ಲಿಟ್ಟರೆ ಮೂರ್ನಾಲ್ಕು ದಿನ ಕೆಡದು.