ನಿಮಗಿದು ಗೊತ್ತೇ? ಚನ್ನಪಟ್ಟಣದ ತಂತಿಯಿಂದ ಅಂತರಿಕ್ಷದ ಭೈರವಿಯವರೆಗೆ

ವೈಜ್ಞಾನಿಕ ಕಥೆ-ಕಾದಂಬರಿಗಳನ್ನು ಹುಡುಕಿ ಓದುವವರು, ಗಗನನೌಕೆಯ ಸಿನಿಮಾ ಒಂದನ್ನೂ ಬಿಡದವರು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲೂ ಇದ್ದಾರೆ. ಅವರಿಗಾಗಿ ಕಲಾವಿದೆಯರದೇ ಒಂದು ಸಹಾಯಾರ್ಥ ಕಛೇರಿ ಏರ್ಪಡಿಸಬೇಕು ಅನ್ನುವುದು ನನ್ನ ಆಸೆ. ಅದಕ್ಕೆ ಬೇಕಾದ ಕಥೆಗಳು ಇಲ್ಲಿವೆ.

● ಮನುಷ್ಯ ಕಳಿಸಿದ ವಸ್ತುಗಳಲ್ಲಿ ಭೂಮಿಯಿಂದ ಅತಿ ದೂರ ಹೋಗಿರುವುದು ವಾಯೇಜರ್-1. ಈಗ ಸುಮಾರು 2,500 ಕೋಟಿ ಕಿ.ಮೀ. ಆಚೆಗಿದೆ. ಅದರಲ್ಲಿರುವ ಚಿನ್ನದ ಲೇಪದ ಗ್ರಾಮಫೋನ್ ತಟ್ಟೆಯಲ್ಲಿ ಭಾರತದ ಸಂಗೀತವೆಂದು ಇರುವುದು ಒಂದೇ ಒಂದು. ಅದು ಹೆಣ್ಣಿನ ದನಿ: ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿ, ಮೂರೂವರೆ ನಿಮಿಷ. ಗೋವೆಯ ಕೇರಿ ಗ್ರಾಮದಲ್ಲಿ ಹುಟ್ಟಿದ ಆಕೆ ಜೈಪುರ-ಅತ್ರೌಲಿ ಘರಾನೆಯ ಅಲ್ಲಾದಿಯಾ ಖಾನರ ಶಿಷ್ಯೆ. ನಮ್ಮ ಮಲ್ಲಿಕಾರ್ಜುನ ಮನ್ಸೂರರದೂ ಅದೇ ಘರಾನೆ. ವಾಯೇಜರ್-1 ಹಾರಿದ್ದು 1977ರ ಸೆಪ್ಟೆಂಬರ್ 5ರಂದು, ಕೇಸರಬಾಯಿ ತೀರಿಕೊಂಡದ್ದು ಅದೇ ತಿಂಗಳ 16ರಂದು. ಧ್ವನಿಮುದ್ರಣವೆಂದರೆ ಅಷ್ಟಾಗಿ ಒಲವಿಲ್ಲದ ಗಾಯಕಿಯ ಹಾಡು ಹೀಗೆ ಸೂರ್ಯನ ಪ್ರಭಾವಲಯವನ್ನೇ ದಾಟಿ ಹೋಗಿದೆ. ಯಾವ ವೈಜ್ಞಾನಿಕ ಕಾದಂಬರಿಕಾರನಿಗೆ ಇದು ಹೊಳೆದೀತು?

● ಅದೇ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯಗಳಿವೆ. ಅವುಗಳಲ್ಲಿ ಕನ್ನಡವೂ ಒಂದು.

● ದೂರದ ನೌಕೆಗಳ ಮಾತು ಕೇಳಿಸಿಕೊಳ್ಳುವ ಇಸ್ರೋದ ಕಿವಿ ಇರುವುದು ನಮ್ಮ ಪಕ್ಕದಲ್ಲೇ, ಬಿಡದಿಗೂ ಮಾಗಡಿ ರಸ್ತೆಗೂ ನಡುವಿನ ಬ್ಯಾಲಾಳಿನಲ್ಲಿ. 2008ರ ಅಕ್ಟೋಬರ್ 17ರಂದು ಉದ್ಘಾಟನೆಯಾದ ಈ ಕೇಂದ್ರದ ದೊಡ್ಡ ಆ್ಯಂಟೆನಾದ ವ್ಯಾಸ 32 ಮೀಟರ್. ಐದೇ ದಿನಕ್ಕೆ ಚಂದ್ರಯಾನ-1 ಹಾರಿತು. ಆಮೇಲೆ ಮಂಗಳಯಾನ, ಚಂದ್ರಯಾನ-3 ಎಲ್ಲದರ ಸಂಪರ್ಕಕ್ಕೂ ಬ್ಯಾಲಾಳು ಬೇಕಾಯಿತು.

● ಚನ್ನಪಟ್ಟಣ ಎಂದರೆ ಎಲ್ಲರಿಗೂ ಅರಗಿನ ಬಣ್ಣದ ಗೊಂಬೆ ನೆನಪಾಗುತ್ತದೆ. ಒಂದು ಕಾಲಕ್ಕೆ ಈ ಊರಿಗೆ ಇನ್ನೊಂದು ಕೀರ್ತಿಯೂ ಇತ್ತು. ಸಂಗೀತ ವಾದ್ಯಗಳಿಗೆ ಬೇಕಾದ ನಯವಾದ ಉಕ್ಕಿನ ತಂತಿ ಇಲ್ಲಿ ತಯಾರಾಗುತ್ತಿತ್ತು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್, ಇಲ್ಲಿನ ತಂತಿ ಭಾರತದ ದೂರದೂರದ ಪ್ರಾಂತಗಳಿಗೂ ಹೋಗುತ್ತದೆಂದು ಬರೆದಿಟ್ಟಿದ್ದಾನೆ. ಮಾಗಡಿ ಕಡೆ ಕಬ್ಬಿಣ ಕರಗಿಸುತ್ತಿದ್ದ ಕುಲುಮೆಗಳೂ ಅವನ ಬರಹದಲ್ಲಿ ಬರುತ್ತವೆ. ವೀಣೆಯೊಂದಕ್ಕೆ ನುಡಿಸಲು ನಾಲ್ಕು, ತಾಳಕ್ಕೆ ಮೂರು, ಒಟ್ಟು ಏಳು ತಂತಿ ಬೇಕು. ಯಾವ ಊರಿನ ಯಾವ ವೈಣಿಕಳ ಬೆರಳಡಿಯಲ್ಲಿ ನಮ್ಮ ಚನ್ನಪಟ್ಟಣ ಮಿಡಿದಿತ್ತೋ! ಗೊಂಬೆಯ ಕೀರ್ತಿ ಉಳಿಯಿತು, ತಂತಿಯದು ಅಳಿಯಿತು. ಊರಿನ ಮಕ್ಕಳಿಗಾದರೂ ಇದನ್ನು ಹೇಳಬೇಕು.

● ಮೀಟಿದ ಒಂದೇ ಒಂದು ತಂತಿಯ ಸದ್ದಿನಿಂದ ಜಗತ್ತಿನ ಹೆಸರಾಂತ ವೈಜ್ಞಾನಿಕ ಧಾರಾವಾಹಿಯ ಶೀರ್ಷಿಕೆ ಸಂಗೀತಕ್ಕೆ ಬುನಾದಿ ಹಾಕಿದವಳು ಡೀಲಿಯಾ ಡರ್ಬಿಶೈರ್. 1963, ಬಿಬಿಸಿಯ ‘ಡಾಕ್ಟರ್ ಹೂ’. ರಾಗ ಹಾಕಿದ್ದು ರಾನ್ ಗ್ರೇನರ್, ಅದನ್ನು ಕಿವಿಗೆ ಕೇಳುವಂತೆ ಮಾಡಿದ್ದು ಡೀಲಿಯಾ. ಆಗ ಅವಳ ಬಳಿ ಸಿಂಥಸೈಜರ್ ಇರಲಿಲ್ಲ. ತಂತಿಯ ಸದ್ದನ್ನು ಟೇಪಿನಲ್ಲಿ ಹಿಡಿದು, ಬೇಗ ಓಡಿಸಿ, ನಿಧಾನ ಓಡಿಸಿ, ಬೇರೆ ಬೇರೆ ಸ್ವರ ಹೊರಡಿಸಿದಳು. ಆಸಿಲೇಟರುಗಳ ಸದ್ದನ್ನೂ ಸೇರಿಸಿಕೊಂಡಳು. ಪ್ರತಿ ಸ್ವರಕ್ಕೂ ಬೇಕಾದಷ್ಟೇ ಉದ್ದದ ಟೇಪು ಕತ್ತರಿಸಿ, ತುದಿಗೆ ತುದಿ ಅಂಟಿಸಿದಳು. ಪರದೆಯ ಮೇಲೆ ಅವಳ ಹೆಸರು ಕಾಣಿಸಿದ್ದು 2013ರಲ್ಲಿ. ಅವಳು ತೀರಿಕೊಂಡು ಆಗಲೇ 12 ವರ್ಷವಾಗಿತ್ತು. ಇದು ಅನ್ಯಾಯವಲ್ಲದೆ ಮತ್ತೇನು?

● ಪೂರ್ತಿ ವಿದ್ಯುನ್ಮಾನ ಸದ್ದಿನಿಂದಲೇ ಹಿನ್ನೆಲೆ ಸಂಗೀತ ಕಟ್ಟಿದ ಮೊದಲ ದೊಡ್ಡ ಸಿನಿಮಾ 1956ರ ‘ಫರ್ಬಿಡನ್ ಪ್ಲಾನೆಟ್’. ಅದರ ಹಿಂದೆ ಬೀಬಿ ಬ್ಯಾರನ್ ಮತ್ತು ಅವಳ ಗಂಡ ಲೂಯಿ ಇದ್ದರು.

● ಮುಟ್ಟದೆ ನುಡಿಸುವ ವಾದ್ಯ ಥೆರೆಮಿನ್. ಅನ್ಯಗ್ರಹದ ಸಿನಿಮಾಗಳಲ್ಲಿ ಬರುವ ಆ ನಡುಗುವ ದನಿ ಅದರದೇ. ಅದನ್ನು ಶಾಸ್ತ್ರೀಯ ವೇದಿಕೆಗೇರಿಸಿ ಗೌರವ ತಂದವಳು ಕ್ಲಾರಾ ರಾಕ್‌ಮೋರ್.

● ಸೂರ್ಯನ ಶಾಖವನ್ನು ಸೆರೆಹಿಡಿಯುವ, ಮೋಡದಿಂದ ನೀರು ಎಳೆದುಕೊಳ್ಳುವ ವಿಜ್ಞಾನಿಗಳೆಲ್ಲ ಹೆಂಗಸರೇ ಆಗಿರುವ ‘ಸುಲ್ತಾನಾಸ್ ಡ್ರೀಮ್’ ಕಥೆ 1905ರಲ್ಲೇ ಮದರಾಸಿನ ಪತ್ರಿಕೆಯಲ್ಲಿ ಅಚ್ಚಾಯಿತು. ಬರೆದವರು ಬಂಗಾಳದ ಬೇಗಂ ರುಕಯಾ.

● ಇನ್ನು ದಾನದ ವಿಷಯ. ಕಸ್ತೂರಬಾ ಸ್ಮಾರಕ ನಿಧಿಗೆಂದು 1944ರಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿ ಸಾಲು ಕಛೇರಿ ಮಾಡಿದರು. ಮುಂದೆ ಆಸ್ಪತ್ರೆ, ಶಾಲೆಗಳಿಗೆಂದು ಹಾಡುತ್ತಲೇ ಹೋದರು. 1974ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಸಾರ್ವಜನಿಕ ಸೇವೆಯ ವಿಭಾಗದಲ್ಲಿ. ಅವರ ಕಂಠದಲ್ಲಿ ಮನೆಮನೆ ತಲುಪಿದ ‘ಜಗದೋದ್ಧಾರನ’ವನ್ನು ಪುರಂದರದಾಸರು ರಚಿಸಿದ್ದು ಚನ್ನಪಟ್ಟಣದ ದೊಡ್ಡಮಳೂರಿನಲ್ಲಿ, ಅಂಬೆಗಾಲು ಕೃಷ್ಣನನ್ನು ಕಂಡು, ಎಂಬುದು ಪ್ರತೀತಿ.

● ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ್ದು ಬೆಂಗಳೂರು ನಾಗರತ್ನಮ್ಮ. ಹುಟ್ಟಿದ್ದು 1878ರಲ್ಲಿ, ನಂಜನಗೂಡಿನಲ್ಲಿ. ಕಛೇರಿಯ ಸಂಪಾದನೆ, ಒಡವೆ ಎಲ್ಲ ಸುರಿದು 1925ರಲ್ಲಿ ಪ್ರತಿಷ್ಠೆ ಮಾಡಿಸಿದರು. ಆದರೆ ಅಲ್ಲಿನ ಆರಾಧನೆಯಲ್ಲಿ ಹೆಂಗಸರಿಗೆ ಹಾಡಲು ಅವಕಾಶವಿರಲಿಲ್ಲ. ನಾಗರತ್ನಮ್ಮ ಗೋಗರೆಯುತ್ತ ಕೂರಲಿಲ್ಲ, ಹೆಂಗಸರದೇ ಬೇರೆ ಆರಾಧನೆ ಶುರುಮಾಡಿದರು. 1940ರ ಹೊತ್ತಿಗೆ ಬೇರೆ ಬೇರೆಯಾಗಿ ಆರಾಧನೆ ನಡೆಸುತ್ತಿದ್ದ ಬಣಗಳೆಲ್ಲ ಒಂದಾದವು, ಹೆಂಗಸರಿಗೂ ಜಾಗ ಸಿಕ್ಕಿತು. ಇಂದು ಪಂಚರತ್ನ ಕೃತಿಗಳಿಗೆ ಸಾಲುಸಾಲಾಗಿ ಕೂರುವ ಗಾಯಕಿಯರೆಲ್ಲ ಆಕೆಗೆ ಋಣಿಗಳು.

● ಕಛೇರಿಗೆ ಜಾಗವೂ ಇದೆ. ಎಚ್.ಎಲ್. ನಾಗೇಗೌಡರು ರಾಮನಗರದ ಹತ್ತಿರ ಕಟ್ಟಿದ ಜಾನಪದ ಲೋಕದಲ್ಲಿ ಬಯಲು ರಂಗಮಂದಿರವಿದೆ. ಅಲ್ಲೊಂದು ಸಂಜೆ ಸೋಬಾನೆ ಹಾಡುವ ಹೆಂಗಸರು ಮೊದಲು ಹಾಡಲಿ, ಆಮೇಲೆ ಭೈರವಿ, ವೀಣೆ. ಯಾರಾದರೂ ಹುಡುಗಿ ‘ಡಾಕ್ಟರ್ ಹೂ’ ರಾಗವನ್ನು ಕೀಬೋರ್ಡಿನಲ್ಲಿ ನುಡಿಸಲಿ. ಟಿಕೆಟ್ಟಿನ ದುಡ್ಡಿನಲ್ಲಿ ಕನಕಪುರ, ಮಾಗಡಿಯ ಹಳ್ಳಿ ಶಾಲೆಗಳಿಗೆ ದೂರದರ್ಶಕ ಕೊಡಿಸೋಣ, ಹಾಡಲು ಹಂಬಲವಿರುವ ಹೆಣ್ಣುಮಕ್ಕಳ ಪಾಠದ ಫೀಸು ಕಟ್ಟೋಣ.